ಹಳೆಯ ಗಿರಣಿ, ಹೊಸ ಬಾಡಿಗೆ

ಕಾನೂನು ಓದಿದ ಯಾರನ್ನಾದರೂ ಮಿನರ್ವ ಮಿಲ್ಸ್ ಬಗ್ಗೆ ಕೇಳಿ ನೋಡಿ. 1980ರ ಸುಪ್ರೀಂ ಕೋರ್ಟ್ ತೀರ್ಪನ್ನು ಗಡಗಡನೆ ಹೇಳುತ್ತಾರೆ. ಸಂವಿಧಾನವನ್ನು ತಿದ್ದುವ ಅಧಿಕಾರ ಸಂಸತ್ತಿಗಿದ್ದರೂ ಅದರ ಮೂಲ ಸ್ವರೂಪ ಕೆಡಿಸುವ ಹಕ್ಕಿಲ್ಲ ಎಂಬ ಮಾತನ್ನು ಗಟ್ಟಿ ಮಾಡಿದ ಮೊಕದ್ದಮೆ ಅದು. ಆ ಗಿರಣಿ ಎಲ್ಲಿತ್ತು ಎಂದು ಕೇಳಿದರೆ ಮಾತ್ರ ತಡವರಿಸುತ್ತಾರೆ. ಅದು ನಮ್ಮ ಬೆಂಗಳೂರಿನದೇ, ಮಾಗಡಿ ರಸ್ತೆಯ ಆಸುಪಾಸಿನದು. ಕೇಂದ್ರ ಸರ್ಕಾರ 1971ರಲ್ಲಿ ಅದರ ಆಡಳಿತ ವಹಿಸಿಕೊಂಡಿತು, 1974ರಲ್ಲಿ ರಾಷ್ಟ್ರೀಕರಣ ಮಾಡಿತು, ಮಾಲೀಕರು ಕೋರ್ಟಿಗೆ ಹೋದರು. ದೇಶದ ಸಂವಿಧಾನದ ಚರಿತ್ರೆಯಲ್ಲಿ ಖಾಯಂ ಜಾಗ ಪಡೆದ ಗಿರಣಿಗೆ ಅದರ ಊರಿನವರ ನೆನಪಿನಲ್ಲೇ ಸರಿಯಾದ ಜಾಗವಿಲ್ಲ.

ಉಳಿದವುಗಳ ಪಾಡೂ ಬೇರೆಯಲ್ಲ. ಮಲ್ಲೇಶ್ವರದ ರಾಜಾ ಮಿಲ್ ಇದ್ದ ಜಾಗದಲ್ಲಿ 2010ರಲ್ಲಿ ಮಾಲ್ ತೆರೆಯಿತು. 1884ರಲ್ಲಿ ಶುರುವಾದ ಬಿನ್ನಿ ಮಿಲ್‌ನ ಬಯಲಿನಲ್ಲಿ ಅಪಾರ್ಟ್‌ಮೆಂಟುಗಳು ಎದ್ದಿವೆ; ಬಿನ್ನಿಪೇಟೆ ಎಂಬ ಹೆಸರು ಮಾತ್ರ ಬಸ್ಸಿನ ಬೋರ್ಡಿನಲ್ಲಿ ಓಡಾಡಿಕೊಂಡಿದೆ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ತೆರೆದ ಹಂಚಿನ ಕಾರ್ಖಾನೆಯ ಹಾದಿಯಲ್ಲಿ ನದಿದಂಡೆಯುದ್ದಕ್ಕೂ ಎಷ್ಟೋ ಕಾರ್ಖಾನೆಗಳು ಹುಟ್ಟಿದವು. ಅವುಗಳ ಉದ್ದ ಚಿಮಣಿಗಳು ಈಗ ಒಂದೊಂದಾಗಿ ನೆಲ ಕಾಣುತ್ತಿವೆ.

ವಿಚಿತ್ರವೆಂದರೆ ಇದೇ ಹೊತ್ತಿನಲ್ಲಿ ಕಾರ್ಖಾನೆಯ ಚಹರೆಗೆ ಎಲ್ಲಿಲ್ಲದ ಬೇಡಿಕೆ ಬಂದಿದೆ. ಇಂದಿರಾನಗರದ ಕೆಫೆಯಲ್ಲಿ ನಿನ್ನೆ ಕಟ್ಟಿದ ಗೋಡೆಗೆ ಹಳೆಯ ಇಟ್ಟಿಗೆಯಂತೆ ಕಾಣುವ ಟೈಲ್ಸ್ ಅಂಟಿಸುತ್ತಾರೆ. ಚಾವಣಿಯ ಪೈಪುಗಳನ್ನು ಬೇಕೆಂದೇ ಬಿಚ್ಚಿಟ್ಟು ಕಪ್ಪು ಬಣ್ಣ ಬಳಿಯುತ್ತಾರೆ. ಅದೇ ಊರಿನ ಇನ್ನೊಂದು ಮೂಲೆಯಲ್ಲಿ ನಿಜವಾದ ಇಟ್ಟಿಗೆ ಗೋಡೆಯನ್ನು ಜೆಸಿಬಿ ಬೀಳಿಸುತ್ತಿರುತ್ತದೆ. ಹೀಗಾಗಿ ‘ಹಳೆಯ ಕಾರ್ಖಾನೆಯನ್ನು ಉಳಿಸಿ ಕಲಾವಿದರಿಗೆ, ವಿನ್ಯಾಸಕಾರರಿಗೆ, ಹೊಸ ಉದ್ಯಮಿಗಳಿಗೆ ಕೊಡೋಣ’ ಎಂದು ಯಾರಾದರೂ ಹೇಳಿದರೆ ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ. ನನ್ನದೂ ಚಪ್ಪಾಳೆಯೇ. ಆದರೆ ಈ ಮಾತನ್ನು ನಾವು ವಾಸ್ತುಶಿಲ್ಪದ ಪ್ರಶ್ನೆಯೆಂದು ತಿಳಿದಿರುವುದೇ ತಪ್ಪು. ಇದು ಮೊದಲಿಗೆ ಬಾಡಿಗೆಯ ಪ್ರಶ್ನೆ. ಒಳಗೆ ಕೂರುವವರು ತಿಂಗಳಿಗೆ ಎಷ್ಟು ಕೊಡಬೇಕು, ಎಷ್ಟು ವರ್ಷ ಇರಬಹುದು, ಅದನ್ನು ತೀರ್ಮಾನಿಸುವವರು ಯಾರು ಎಂಬುದು ಇತ್ಯರ್ಥವಾಗದೆ ಗೋಡೆಯನ್ನು ಎಷ್ಟು ಚೆಂದವಾಗಿ ಉಳಿಸಿದರೂ ಉಳಿಯುವುದು ಗೋಡೆ ಮಾತ್ರ.

ಕಾರ್ಖಾನೆಯ ಕಟ್ಟಡದಲ್ಲಿ ಅಂಥದ್ದೇನಿದೆ ಎಂಬುದನ್ನು ಮೊದಲು ನೋಡೋಣ. ಹಳೆಯ ನೇಯ್ಗೆ ಶೆಡ್ಡುಗಳ ಚಾವಣಿ ಗರಗಸದ ಹಲ್ಲಿನ ಹಾಗೆ ಏರಿಳಿಯುತ್ತದೆ. ಹಲ್ಲಿನ ನೆಟ್ಟಗಿನ ಬದಿಗೆ ಗಾಜು, ಇಳಿಜಾರಿನ ಬದಿಗೆ ಹಂಚು ಇಲ್ಲವೇ ತಗಡು. ಗಾಜಿನ ಮುಖ ಉತ್ತರಕ್ಕೆ. ಮಗ್ಗದ ಮೇಲೆ ಒಂದು ಎಳೆ ಕಡಿದರೂ ಕಣ್ಣಿಗೆ ಕಾಣಬೇಕು, ಕೆಲಸಗಾರನ ಕೈಯ ನೆರಳು ಬಟ್ಟೆಯ ಮೇಲೆ ಬೀಳಬಾರದು. ಅದಕ್ಕೆ ಬೇಕಾದ್ದು ಬಿಸಿಲಲ್ಲ, ಹರಡಿದ ಬೆಳಕು. ಚಿತ್ರಕಾರನಿಗೂ ಬೇಕಾದ್ದು ಅದೇ ಬೆಳಕು. ಈ ವಿನ್ಯಾಸ ಇಂಗ್ಲೆಂಡಿನದು. ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿನ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲುತ್ತಾನೆ, ಬೆಳಗ್ಗೆ ಸಂಜೆ ಓರೆಬಿಸಿಲು ಗಾಜಿನೊಳಗೆ ನುಗ್ಗುತ್ತದೆ. ಹಾಗಾಗಿ ಲಂಕಾಷೈರಿನ ಶೆಡ್ಡನ್ನು ಇಲ್ಲಿಗೆ ಯಥಾವತ್ತು ಇಳಿಸಿದರೆ ಸಾಲದು. ಗಾಜಿಗೆ ಒಂದಿಷ್ಟು ಮರೆ ಬೇಕು. ಹಳೆಯ ಕಟ್ಟಡ ದುರಸ್ತಿಗೆ ಇಳಿದ ವಾಸ್ತುಶಿಲ್ಪಿ ಇಂಥದ್ದನ್ನು ಗಮನಿಸಿದ್ದಾನೋ ಇಲ್ಲವೋ ಎಂಬುದು ಮೊದಲ ಮೇ ತಿಂಗಳಲ್ಲೇ ಗೊತ್ತಾಗಿಬಿಡುತ್ತದೆ.

ಇಂಥ ಎಷ್ಟೋ ಶೆಡ್ಡುಗಳಲ್ಲಿ ಎರಕದ ಕಬ್ಬಿಣದ ಕಂಬಗಳು ಒಳಗೆ ಟೊಳ್ಳು. ಎರಡು ಹಲ್ಲುಗಳ ನಡುವಿನ ಕಣಿವೆಯಲ್ಲಿ ಸೇರುವ ಮಳೆನೀರು ಕಂಬದೊಳಗಿಂದಲೇ ಇಳಿದು ನೆಲದಡಿಯ ಚರಂಡಿ ಸೇರುತ್ತದೆ. ಚಾವಣಿ ಹೊರುವ ಕಂಬವೇ ನೀರು ಇಳಿಸುವ ಕೊಳವೆ. ಕಾರ್ಖಾನೆ ಮುಚ್ಚಿ ಎರಡು ಮಳೆಗಾಲ ಕಳೆದರೆ ಕಣಿವೆಯ ತುಂಬ ತರಗೆಲೆ ಕಟ್ಟಿಕೊಳ್ಳುತ್ತದೆ, ಕಂಬ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹೊರಗಿನಿಂದ ನೋಡಿದವರಿಗೆ ಕಂಬ ಗಟ್ಟಿಮುಟ್ಟು. ಪಾಳುಬಿದ್ದ ಗಿರಣಿಯನ್ನು ಮುಂದೆ ನೋಡೋಣ ಎಂದು ಹತ್ತು ವರ್ಷ ಬಿಟ್ಟರೆ, ಕೆಡವುವುದೊಂದೇ ದಾರಿ ಎನ್ನುವ ವರದಿ ತಾನಾಗಿ ತಯಾರಾಗುತ್ತದೆ. ನಿರ್ಲಕ್ಷ್ಯ ಎಷ್ಟೋ ಸಲ ನಿರ್ಲಕ್ಷ್ಯವಲ್ಲ, ತಾಳ್ಮೆಯ ಯೋಜನೆ.

ಇನ್ನು ನೆಲ. ಟನ್ನುಗಟ್ಟಲೆ ಯಂತ್ರ ಹೊತ್ತ ನೆಲದ ಮೇಲೆ ಶಿಲ್ಪಿ ಬಂಡೆ ಇಳಿಸಬಹುದು, ರಂಗತಂಡ ಮೆಟ್ಟಿಲುಗಳ ಸೆಟ್ ಕಟ್ಟಬಹುದು. ಬಣ್ಣ ಚೆಲ್ಲಿದರೆ ಯಾರೂ ಬೈಯುವುದಿಲ್ಲ. ಸುತ್ತಿಗೆ ಸದ್ದಿಗೆ ಪಕ್ಕದ ಮನೆಯವರು ಪೊಲೀಸರಿಗೆ ಫೋನ್ ಮಾಡುವುದಿಲ್ಲ. ಸೃಜನಶೀಲ ಕೆಲಸವೆಂದರೆ ಲ್ಯಾಪ್‌ಟಾಪ್ ಮುಂದೆ ಕಾಫಿ ಕಪ್ ಇಟ್ಟುಕೊಂಡು ಕೂರುವುದು ಎಂಬ ಚಿತ್ರ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಅದಕ್ಕೆ ಗಿರಣಿಯೇ ಬೇಕಿಲ್ಲ, ಎಲ್ಲಿ ಬೇಕಾದರೂ ನಡೆಯುತ್ತದೆ. ಧೂಳು, ಸದ್ದು, ಎತ್ತರ, ಭಾರ ಬೇಡುವ ಕೆಲಸಗಳಿಗೇ ಇವತ್ತಿನ ನಗರದಲ್ಲಿ ಜಾಗವಿಲ್ಲದಿರುವುದು.

ಜೇನ್ ಜೇಕಬ್ಸ್ 1961ರಲ್ಲಿ ಅಮೆರಿಕದ ನಗರಗಳ ಬಗ್ಗೆ ಬರೆದ ಪುಸ್ತಕದಲ್ಲಿ ಈ ಮಾತಿನ ಬುಡಕ್ಕೇ ಕೈಹಾಕಿದರು. ಹೊಸ ಕಟ್ಟಡದ ಸಾಲ ತೀರಿಸುವಷ್ಟು ಬಾಡಿಗೆ ಕೊಡಬಲ್ಲವರು ಈಗಾಗಲೇ ನೆಲೆ ಕಂಡ ಬ್ಯಾಂಕು, ಚೈನ್ ಅಂಗಡಿ, ದೊಡ್ಡ ಕಂಪನಿಗಳು. ಗೆಲ್ಲುತ್ತದೋ ಸೋಲುತ್ತದೋ ತಿಳಿಯದ ಹೊಸ ಪ್ರಯತ್ನಕ್ಕೆ ಬೇಕಾದದ್ದು ಕಟ್ಟಿದ ಸಾಲ ಎಂದೋ ತೀರಿಹೋದ ಹಳೆಯ ಕಟ್ಟಡ. ಅವರು ಹೇಳಿದ್ದರ ತಾತ್ಪರ್ಯ ಇಷ್ಟು. ಹಳೆಯದರಲ್ಲಿ ಕಲಾವಿದ ನೆಲೆಸುವುದು ಅದು ಚೆಂದವೆಂದಲ್ಲ, ಅಗ್ಗವೆಂದು. ಅದರ ಚೆಂದ ಜಗತ್ತಿನ ಕಣ್ಣಿಗೆ ಬೀಳುವುದು ಆಮೇಲೆ, ಬಾಡಿಗೆ ಏರುವುದು ಅದರ ಹಿಂದೆಯೇ.

ಈ ಸರಣಿಯನ್ನು ನಡುವೆ ತಡೆದ ಊರುಗಳು ಕಡಿಮೆ. ತಡೆದದ್ದರಲ್ಲಿ ನನಗೆ ಬಹಳ ಪಾಠ ಕಾಣುವುದು ಹೆಲ್ಸಿಂಕಿಯಲ್ಲಿ. ಅಲ್ಲಿನ ಸಮುದ್ರದಂಡೆಯ ಕೇಬಲ್ ಕಾರ್ಖಾನೆಯನ್ನು 1939ರಿಂದ 1954ರವರೆಗೆ ಹಂತಹಂತವಾಗಿ ಕಟ್ಟಿದರು. ಸಮುದ್ರದಡಿ ಹಾಸುವ ಕೇಬಲ್‌ಗಳು ತಯಾರಾಗುತ್ತಿದ್ದುದರಿಂದ ಒಂದು ಹಜಾರವಂತೂ ವಿಪರೀತ ಉದ್ದ. 1967ರಲ್ಲಿ ಈ ಕೇಬಲ್ ಕಂಪನಿ, ಒಂದು ರಬ್ಬರ್ ಕಂಪನಿ, ಕಾಗದ ತಯಾರಿಸುತ್ತಿದ್ದ ನೋಕಿಯಾ ಮೂರೂ ಒಂದಾದವು. ನಮ್ಮೆಲ್ಲರ ಜೇಬಿನಲ್ಲಿದ್ದ ಆ ಗಟ್ಟಿ ಫೋನಿನ ವಂಶವೃಕ್ಷದಲ್ಲಿ ಈ ಕಾರ್ಖಾನೆಯ ಎಲೆಕ್ಟ್ರಾನಿಕ್ಸ್ ವಿಭಾಗ ಬರುತ್ತದೆ. 1980ರ ದಶಕದ ಕೊನೆಗೆ ಕೇಬಲ್ ತಯಾರಿ ಅಲ್ಲಿಂದ ತೆರವಾಗತೊಡಗಿತು, ಕಟ್ಟಡ ನಗರಾಡಳಿತದ ಕೈಗೆ ಬರುವುದೆಂದು ನಿಗದಿಯಾಯಿತು. ಖಾಲಿಯಾದ ಮೂಲೆಗಳನ್ನು ಕಂಪನಿ ಅಷ್ಟರಲ್ಲಿ ಚಿತ್ರಕಾರರಿಗೆ, ಸಂಗೀತಗಾರರಿಗೆ, ಸಣ್ಣ ಕಾರ್ಯಾಗಾರಗಳಿಗೆ ತಾತ್ಕಾಲಿಕವಾಗಿ ಬಾಡಿಗೆಗೆ ಕೊಟ್ಟಿತ್ತು.

ನಗರಾಡಳಿತದ ಯೋಜನೆಯಂತೆ ಒಂದಷ್ಟು ಭಾಗ ಕೆಡವಿ ಉಳಿದದ್ದನ್ನು ಬೇರೆ ಬೇರೆ ಬಳಕೆಗೆ ತುಂಡು ಮಾಡಬೇಕಿತ್ತು. ಬಾಡಿಗೆದಾರರು ಸುಮ್ಮನೆ ಧರಣಿ ಕೂರಲಿಲ್ಲ. ಸಂಘ ಕಟ್ಟಿಕೊಂಡು, ತಮ್ಮ ನಡುವಿನ ವಾಸ್ತುಶಿಲ್ಪಿಗಳನ್ನು ಕೂಡಿಸಿ, ಕಟ್ಟಡ ಇಡಿಯಾಗಿ ಉಳಿದರೆ ಲೆಕ್ಕ ಹೇಗೆ ತೂಗುತ್ತದೆ ಎಂದು ತೋರಿಸುವ ಪರ್ಯಾಯ ಯೋಜನೆಯನ್ನೇ ಮುಂದಿಟ್ಟರು. 1991ರಲ್ಲಿ ನಗರಾಡಳಿತ ಅದಕ್ಕೆ ಒಪ್ಪಿ, ಕಟ್ಟಡ ನಡೆಸಲೆಂದೇ ತನ್ನ ಒಡೆತನದ ಒಂದು ಕಂಪನಿ ಮಾಡಿತು. ಆ ಕಂಪನಿ ಬಾಡಿಗೆಯ ದುಡ್ಡಿನಲ್ಲೇ ಕಟ್ಟಡದ ಖರ್ಚು ತೂಗಿಸುತ್ತದೆ. ಐವತ್ತು ಸಾವಿರ ಚದರ ಮೀಟರಿಗೂ ಮಿಕ್ಕಿದ ಆ ಜಾಗದಲ್ಲಿ ಇವತ್ತು ವಸ್ತುಸಂಗ್ರಹಾಲಯಗಳಿವೆ, ನೃತ್ಯಶಾಲೆಗಳಿವೆ, ನೂರಾರು ಸ್ಟುಡಿಯೋಗಳಿವೆ. 2022ರಲ್ಲಿ ಅಂಟಿಕೊಂಡಂತೆ ನೃತ್ಯಕ್ಕೆಂದೇ ಹೊಸ ರಂಗಮಂದಿರವೂ ಬಂತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದನ್ನು ‘ಪ್ರಯೋಗ’ ಎಂದು ಕರೆದು ಬದಿಗೆ ಸರಿಸುವಂತಿಲ್ಲ.

‘ಸರ್ಕಾರದ ಒಡೆತನ ಇದ್ದರೆ ಸಾಕು’ ಎಂದು ಇದರಿಂದ ತೀರ್ಮಾನಿಸುವುದು ದುಡುಕು. ಬೀಜಿಂಗಿನ 798 ಕಲಾವಲಯ ಅದಕ್ಕೆ ಉತ್ತರ. ಪೂರ್ವ ಜರ್ಮನಿಯ ನೆರವಿನಿಂದ 1950ರ ದಶಕದಲ್ಲಿ ಕಟ್ಟಿದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ಅವು. ಚಾವಣಿಯ ಕಮಾನುಗಳ ಮೇಲೆ ಮಾವೋ ಕಾಲದ ಕೆಂಪು ಘೋಷಣೆಗಳು ಇಂದಿಗೂ ಇವೆ. 1995ರ ಹೊತ್ತಿಗೆ ಅಲ್ಲಿನ ಕೇಂದ್ರ ಲಲಿತಕಲಾ ಅಕಾಡೆಮಿಯ ಶಿಲ್ಪಿಗಳು ಅಗ್ಗದ ಬಾಡಿಗೆಗೆ ಒಳಬಂದರು. ಹತ್ತು ವರ್ಷ ಕಳೆಯುವುದರೊಳಗೆ ಗ್ಯಾಲರಿ ಬಂತು, ಪ್ರವಾಸಿ ಬಸ್ಸು ಬಂತು, ದುಬಾರಿ ಅಂಗಡಿ ಬಂತು, ಬಾಡಿಗೆ ಏರಿತು, ಕೆಲಸ ಮಾಡುವ ಕಲಾವಿದರಲ್ಲಿ ಎಷ್ಟೋ ಮಂದಿ ಊರಂಚಿನ ಹಳ್ಳಿಗಳಿಗೆ ಹೊರಟರು. ಅಲ್ಲಿ ಜಾಗದ ಮಾಲೀಕ ಕೂಡ ಸರ್ಕಾರಿ ಕಂಪನಿಯೇ. ವ್ಯತ್ಯಾಸವಿರುವುದು ಕಂಪನಿ ಹುಟ್ಟಿದ ಉದ್ದೇಶದಲ್ಲಿ. ಹೆಲ್ಸಿಂಕಿಯದು ಕೆಲಸಕ್ಕೆ ಜಾಗ ಒದಗಿಸಲೆಂದೇ ಹುಟ್ಟಿತು. ಬೀಜಿಂಗಿನದು ಜಾಗದಿಂದ ಆದಾಯ ಪಡೆಯುವ ಮಾಲೀಕ.

ಮುಂಬೈ ಕಥೆ ಇನ್ನೂ ಕಹಿ, ನಮಗೆ ಇನ್ನೂ ಹತ್ತಿರ. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಶುರುವಾದ ಮುಷ್ಕರಕ್ಕೆ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಇಳಿದರು. ಮುಷ್ಕರ ಅಧಿಕೃತವಾಗಿ ಮುಗಿಯಲೇ ಇಲ್ಲ, ಗಿರಣಿಗಳು ಮುಗಿದವು. ಉಳಿದದ್ದು ನಗರದ ನಟ್ಟನಡುವಿನ ಸುಮಾರು 600 ಎಕರೆ ಜಮೀನು. 1991ರಲ್ಲಿ ಒಂದು ಒಳ್ಳೆಯ ನಿಯಮ ಬಂತು. ಗಿರಣಿ ಜಮೀನಿನ ಮೂರನೇ ಒಂದು ಪಾಲು ಬಯಲಿಗೆ, ಇನ್ನೊಂದು ಪಾಲು ಬಡವರ ಮನೆಗಳಿಗೆ, ಉಳಿದದ್ದು ಮಾಲೀಕನಿಗೆ. 2001ರ ತಿದ್ದುಪಡಿಯಲ್ಲಿ ಸಣ್ಣದೊಂದು ಬದಲಾವಣೆಯಾಯಿತು. ಹಂಚಬೇಕಾದ್ದು ಇಡೀ ಜಮೀನನ್ನಲ್ಲ, ಕಟ್ಟಡವಿಲ್ಲದೆ ಖಾಲಿ ಬಿದ್ದ ಜಾಗವನ್ನಷ್ಟೇ. ಗಿರಣಿಯೆಂದರೆ ಬಹುತೇಕ ಕಟ್ಟಡವೇ ತಾನೆ? ಸಾರ್ವಜನಿಕರ ಪಾಲು ಕರಗಿಹೋಯಿತು. 2006ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಫೀನಿಕ್ಸ್ ಮಿಲ್ ಮಾಲ್ ಆಯಿತು, ಅದರ ಚಿಮಣಿ ಅಲಂಕಾರಕ್ಕೆ ನಿಂತಿದೆ. ಕಮಲಾ ಮಿಲ್ಸ್ ಆವರಣದಲ್ಲಿ ಜಾಹೀರಾತು ಕಂಪನಿ, ಟಿವಿ ಸ್ಟುಡಿಯೋ, ಪಬ್ಬುಗಳು ಬಂದವು. ‘ಕ್ರಿಯೇಟಿವ್’ ಎಂದು ಕರೆಯಲು ಅಡ್ಡಿಯಿಲ್ಲ. ಆದರೆ ಗಿರಣಗಾಂವ್ ಎಂದು ಕರೆಸಿಕೊಂಡ ಆ ಬಡಾವಣೆಯ ಚಾಳುಗಳಲ್ಲಿ ಬೆಳೆದ ಮಕ್ಕಳು ಅದೇ ಗೇಟಿನಲ್ಲಿ ಸೆಕ್ಯುರಿಟಿ ಸಮವಸ್ತ್ರ ತೊಟ್ಟು ನಿಲ್ಲುವುದಾದರೆ, ಅದನ್ನು ಕಟ್ಟಡದ ಪುನರ್ಜನ್ಮ ಎನ್ನಲು ನನಗೆ ಮನಸ್ಸು ಬಾರದು.

ಈಗ ಬೆಂಗಳೂರಿಗೆ ಬರೋಣ. ಗಿರಣಿಗಳು ಬಹುಪಾಲು ಕೈತಪ್ಪಿದವು, ನಿಜ. ಆದರೆ ಖಾಸಗಿಯವರ ಕೈ ಸೇರದ ಕಾರ್ಖಾನೆಗಳು ಇನ್ನೂ ಇವೆ. 1936ರಲ್ಲಿ ಹುಟ್ಟಿ, ಒಂದು ಕಾಲಕ್ಕೆ ಹಳೆ ಮೈಸೂರಿನ ಮನೆಮನೆಯ ಬಲ್ಬಿನ ಮೇಲೆ ತನ್ನ ಹೆಸರು ಹೊತ್ತಿದ್ದ ಮೈಸೂರ್ ಲ್ಯಾಂಪ್ಸ್ 2003ರ ಹೊತ್ತಿಗೆ ಉತ್ಪಾದನೆ ನಿಲ್ಲಿಸಿತು. ಮಲ್ಲೇಶ್ವರದ ಬದಿಯ ಸುಮಾರು 20 ಎಕರೆ ಜಾಗ, ಮರಗಳು, ಶೆಡ್ಡುಗಳು ಸರ್ಕಾರದ ಬಳಿಯೇ ಉಳಿದವು. 2020ರ ಕೊನೆಯಲ್ಲಿ ಸರ್ಕಾರ ಪ್ರಕಟಿಸಿದ ‘ಬೆಂಗಳೂರು ಮಿಷನ್ 2022’ರಲ್ಲಿ ಅದನ್ನು ನಗರದ ಪರಂಪರೆ ತೋರಿಸುವ ತಾಣವಾಗಿಸುವ ಮಾತು ಬಂತು. ಮಾರಿಬಿಡುವುದಕ್ಕಿಂತ ಅದು ಸಾವಿರ ಪಾಲು ಮೇಲು. ಆದರೂ ನನ್ನ ತಕರಾರು ‘ತೋರಿಸುವ’ ಎಂಬಲ್ಲಿದೆ. ಬೆಂಗಳೂರಿಗೆ ತನ್ನನ್ನು ತಾನೇ ನೋಡಿಕೊಳ್ಳುವ ಇನ್ನೊಂದು ಕನ್ನಡಿಗಿಂತ ಕೆಲಸ ಮಾಡುವ ಜಾಗ ತುರ್ತಾಗಿ ಬೇಕು.

ಯಾರಿಗೆ ಬೇಕು? ಹವ್ಯಾಸಿ ರಂಗತಂಡಗಳನ್ನು ಕೇಳಿ. ಸಂಜೆ ಕಚೇರಿ ಮುಗಿಸಿ ಬರುವ ನಟರಿಗೆ ರಿಹರ್ಸಲ್ ಮಾಡಲು ಶಾಲೆಯ ಹಾಲೋ ಯಾರದೋ ಮನೆಯ ಟೆರೇಸೋ ಗತಿ. ಪ್ರದರ್ಶನ ಮುಗಿದರೆ ಸೆಟ್ ಇಡಲು ಜಾಗವಿಲ್ಲದೆ ಸೌದೆಯ ಬೆಲೆಗೆ ಕೊಡುತ್ತಾರೆ. ಕಲ್ಲು ಕೆತ್ತುವವರು, ವಾದ್ಯ ರಿಪೇರಿ ಮಾಡುವವರು, ಸ್ಕ್ರೀನ್ ಪ್ರಿಂಟಿಂಗಿನವರು, ಸಿನಿಮಾ ಕಲಾವಿಭಾಗದ ಬಡಗಿಗಳು, ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡು ಈಗ ಮತ್ತೆ ಬೇಡಿಕೆ ಕಾಣುತ್ತಿರುವ ಬೋರ್ಡ್ ಬರೆಯುವವರು. ಇವರನ್ನೆಲ್ಲ ಸೃಜನಶೀಲರ ಪಟ್ಟಿಯಿಂದ ಹೊರಗಿಟ್ಟು, ಸ್ಟಾರ್ಟಪ್ಪಿನವರಿಗೆ ಮಾತ್ರ ಬಾಗಿಲು ತೆರೆದರೆ ಇನ್ನೊಂದು ಟೆಕ್ ಪಾರ್ಕ್ ಆದೀತು, ಇಟ್ಟಿಗೆ ಗೋಡೆಯದು ಅಷ್ಟೆ. ಪೀಣ್ಯದ ಟರ್ನರ್, ಫಿಟ್ಟರ್, ಅಚ್ಚು ಮಾಡುವವನಿಗೂ ಅದೇ ಶೆಡ್ಡಿನಲ್ಲಿ ಮೇಜು ಇರಬೇಕು. ಕಾರ್ಖಾನೆ ನಡೆಸಿದ ಕೈಗಳ ನಿಜವಾದ ವಾರಸುದಾರರು ಅವರು.

ಕಾಯ್ದೆಯಿಂದ ಹೆಚ್ಚು ಆಸರೆ ನಿರೀಕ್ಷಿಸುವಂತಿಲ್ಲ. ಪ್ರಾಚೀನ ಸ್ಮಾರಕಗಳ ಕಾಯ್ದೆ ನೂರು ವರ್ಷ ದಾಟಿದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮೈಸೂರ್ ಲ್ಯಾಂಪ್ಸ್‌ಗೆ ಆ ವಯಸ್ಸು ತುಂಬುವುದು 2036ಕ್ಕೆ. ಬೈಯಪ್ಪನಹಳ್ಳಿಯ ಎನ್‌ಜಿಇಎಫ್‌ ಕಾರ್ಖಾನೆಗಂತೂ ಇನ್ನೂ ದಶಕಗಳೇ ಬೇಕು. ಇಪ್ಪತ್ತನೇ ಶತಮಾನದ ಬೆಂಗಳೂರನ್ನು ಕಟ್ಟಿದ ಕಾರ್ಖಾನೆಗಳೆಲ್ಲ ಕಾಯ್ದೆಯ ಕಣ್ಣಿಗೆ ಇನ್ನೂ ಎಳೆಯವು.

‘ಮನೆಯಿಲ್ಲದವರಿರುವ ಊರಲ್ಲಿ ಕಲಾವಿದರಿಗೆ ಅಗ್ಗದ ಬಾಡಿಗೆಯೇ?’ ಎಂಬ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾರೆ. ಇಡೀ ಕಾರ್ಖಾನೆ ಮನೆಗಳಾಗುವುದಾದರೆ, ಆ ಮನೆಗಳು ನಿಜವಾಗಿ ಬಡವರಿಗೆ ಸಿಗುವುದಾದರೆ, ನಾನು ನನ್ನ ವಾದ ಹಿಂತೆಗೆದುಕೊಳ್ಳುತ್ತೇನೆ. ಆದರೆ ಬಿನ್ನಿ ಮಿಲ್ ಜಾಗದಲ್ಲಿ ಎದ್ದ ಅಪಾರ್ಟ್‌ಮೆಂಟಿನ ಬೆಲೆ ನೋಡಿದವರಿಗೆ ಈ ಆಯ್ಕೆ ಕಾಗದದ ಮೇಲಿನದು ಎಂದು ಗೊತ್ತು. ನಿಜವಾದ ಸ್ಪರ್ಧೆ ಸ್ಟುಡಿಯೋಗೂ ಬಡವನ ಮನೆಗೂ ಅಲ್ಲ, ಸ್ಟುಡಿಯೋಗೂ ಮಾಲಿಗೂ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೆಂಕಿಯದು. 2016ರ ಡಿಸೆಂಬರಿನಲ್ಲಿ ಅಮೆರಿಕದ ಓಕ್ಲೆಂಡಿನಲ್ಲಿ ‘ಘೋಸ್ಟ್ ಶಿಪ್’ ಎಂಬ ಹಳೆಯ ಗೋದಾಮಿಗೆ ಬೆಂಕಿ ಬಿದ್ದು 36 ಮಂದಿ ಸತ್ತರು. ಅಗ್ಗದ ಜಾಗ ಹುಡುಕಿ ಬಂದ ಕಲಾವಿದರ ನೆಲೆ ಅದು. ಮೆಟ್ಟಿಲನ್ನು ಸರಕು ಸಾಗಿಸುವ ಹಲಗೆಗಳಿಂದ ಜೋಡಿಸಿದ್ದರು, ನೀರು ಚಿಮ್ಮಿಸುವ ವ್ಯವಸ್ಥೆ ಇರಲಿಲ್ಲ. ಮರುವರ್ಷ ಡಿಸೆಂಬರ್ 28ರ ಮಧ್ಯರಾತ್ರಿ ಕಳೆದ ಮೇಲೆ ಮುಂಬೈಯ ಕಮಲಾ ಮಿಲ್ಸ್ ಆವರಣದ ಮೇಲ್ಮಹಡಿಯ ಪಬ್ಬುಗಳಲ್ಲಿ ಬೆಂಕಿ, 14 ಸಾವು. ಒಂದು ಕಡೆ ಬಡತನ, ಇನ್ನೊಂದು ಕಡೆ ದುರಾಸೆ, ಎರಡೂ ಕಡೆ ಹೊರಗೆ ಓಡಲು ಸರಿಯಾದ ದಾರಿ ಇರಲಿಲ್ಲ. ಹಾಗಾಗಿ ಒರಟು ಕಟ್ಟಡವೇ ಸಾಕು ಎಂದಾಗ ನಾನು ಹೇಳುತ್ತಿರುವುದು ಬಣ್ಣ, ಟೈಲ್ಸ್, ಎಸಿ, ಲಾಬಿಯ ದೀಪಗಳ ಬಗ್ಗೆ. ವೈರಿಂಗ್, ಎರಡು ನಿರ್ಗಮನ ದಾರಿ, ಚಾವಣಿಯ ಕಣಿವೆ, ಕಂಬದ ತುಕ್ಕು, ಇವುಗಳ ಮೇಲೆ ಖರ್ಚು ಮಾಡಲೇಬೇಕು. ದೀಪದ ಕಾರ್ಖಾನೆಯಾದರೆ ಮಣ್ಣಿನ ಪರೀಕ್ಷೆಯೂ ಆಗಬೇಕು. ಟ್ಯೂಬ್‌ಲೈಟಿನೊಳಗೆ ಪಾದರಸವಿರುತ್ತದೆ ಎಂಬುದನ್ನು ಮರೆಯುವಂತಿಲ್ಲ. ನಮ್ಮ ಕಾಮಗಾರಿಗಳಲ್ಲಿ ಆಗುವುದು ತಲೆಕೆಳಗು. ಉದ್ಘಾಟನೆಯ ದಿನ ಕಾಣುವುದಕ್ಕೆ ದುಡ್ಡು, ಕಾಣದಿರುವುದಕ್ಕೆ ಮುಂದಿನ ಬಜೆಟ್ಟು.

ಮೈಸೂರ್ ಲ್ಯಾಂಪ್ಸ್‌ನ ಇಡೀ 20 ಎಕರೆಯ ಮಹಾಯೋಜನೆಗೆ ಕಾಯುವ ಅಗತ್ಯವೂ ಇಲ್ಲ. ಹೆಲ್ಸಿಂಕಿಯಲ್ಲಿ ಕಲಾವಿದರು ಬಂದದ್ದು ಯೋಜನೆಗಿಂತ ಮೊದಲು. ಒಂದು ಶೆಡ್ಡನ್ನು ಸುರಕ್ಷಿತ ಮಾಡಿ, ಐದು ವರ್ಷದ ಕರಾರಿಗೆ ಕೊಟ್ಟು ನೋಡಲಿ. ಆಗ ಎದುರಾಗುವ ಅಡ್ಡಿ ಟೆಂಡರು. ಸರ್ಕಾರಿ ಆಸ್ತಿಯನ್ನು ಹೆಚ್ಚು ಕೂಗಿದವನಿಗೆ ಕೊಡುವುದೇ ಪ್ರಾಮಾಣಿಕತೆ ಎಂದು ನಮ್ಮ ಅಧಿಕಾರಿಗಳು ನಂಬಿದ್ದಾರೆ, ಲೆಕ್ಕಪರಿಶೋಧಕರ ಭಯವೂ ಇದೆ. ಕಡಿಮೆ ಬಾಡಿಗೆಗೆ ಕೊಟ್ಟರೆ ಯಾರಿಗೋ ಉಪಕಾರ ಮಾಡಿದರೆಂಬ ಆರೋಪ ಬರುತ್ತದೆ. ನಮ್ಮ ಸರ್ಕಾರಿ ಅಕಾಡೆಮಿಗಳ ನೇಮಕ ನೋಡಿದವರು ಆ ಅನುಮಾನ ಸುಳ್ಳೆಂದು ಹೇಳಲಾರರು. ಇದಕ್ಕೊಂದು ದಾರಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಬಳಿಯೇ ಇದೆ. ಸಾಮಾನ್ಯ ನಿವೇಶನಗಳನ್ನು ಗೊತ್ತುಪಡಿಸಿದ ಬೆಲೆಗೆ ಅರ್ಹರಿಗೆ ಹಂಚುತ್ತಾರೆ, ಮೂಲೆ ನಿವೇಶನವನ್ನು ಮಾತ್ರ ಹರಾಜು ಹಾಕುತ್ತಾರೆ. ಕಾರ್ಖಾನೆಗೂ ಅದೇ ಆಗಬಹುದು. ರಸ್ತೆಗೆ ಮುಖವಿರುವ ಎರಡು ಮೂರು ಕೆಫೆ ಜಾಗಗಳನ್ನು ಹರಾಜಿಗೆ ಬಿಡಲಿ, ಎಷ್ಟು ಬೇಕಾದರೂ ಏರಲಿ. ಆ ದುಡ್ಡು ಚಾವಣಿ ರಿಪೇರಿಗೆ ಹೋಗಲಿ. ಒಳಗಿನ ಸ್ಟುಡಿಯೋಗಳ ಬಾಡಿಗೆಯನ್ನು ಚದರ ಅಡಿಗೆ ಇಷ್ಟೆಂದು ಗೇಟಿನ ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆದು ಹಾಕಿ, ಅರ್ಜಿ ಜಾಸ್ತಿಯಾದರೆ ಚೀಟಿ ಎತ್ತಲಿ. ಒಳಗೆ ಬಂದವರು ನಿಜವಾಗಿ ಅಲ್ಲಿ ಕೆಲಸ ಮಾಡುತ್ತಿದ್ದಾರೋ, ಇನ್ನೊಬ್ಬರಿಗೆ ಒಳಬಾಡಿಗೆ ಕೊಟ್ಟಿದ್ದಾರೋ ಎಂದು ವರ್ಷಕ್ಕೊಮ್ಮೆ ನೋಡಿ ಬರಲು ಒಬ್ಬ ಗುಮಾಸ್ತ ಸಾಕು.